ಬೋಳು ತೊಟ್ಟಿಲು

ಹಾಸಿಗೆ ಅಂಗಡಿಯ ಸೊಸೆ ಬೇರೆ ಅಂಗಡಿಯಿಂದ ಹಾಸಿಗೆ ಕೊಂಡು ತಂದಳು. ಆ ಮನೆಯ ಜಗಳ ಶುರುವಾದದ್ದೇ ಅಲ್ಲಿಂದ. ಕದ್ದುಮುಚ್ಚಿ ತಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದರು. ಇವಳು ಹಾಡುಹಗಲಲ್ಲಿ, ಬಾಡಿಗೆ ಕಾರಿನ ನೆತ್ತಿಯ ಮೇಲೆ ಕಟ್ಟಿಸಿಕೊಂಡು, ಬೀದಿಯ ಅಂಗಡಿಯವರೆಲ್ಲ ಕತ್ತು ಚಾಚಿ ನೋಡುವಂತೆ ತಂದಿಳಿಸಿದಳು. ಅದೂ ಎಂಥ ಹಾಸಿಗೆ! ಮಗುವಿನ ತೊಟ್ಟಿಲಿಗೆ ಸರಿಯಾಗಿ ಕೂರುವಷ್ಟು ಚಿಕ್ಕದು, ಹಲಗೆಯಷ್ಟು ಗಟ್ಟಿ. ಮಾವ ಗಲ್ಲಾದಿಂದ ಎದ್ದು ಬಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಗೆ ಹೋಗಲಿಲ್ಲ.

"ಇದು ಹಾಸಿಗೆ ಅಲ್ಲಮ್ಮ, ಬಾಗಿಲು," ಅಂದರು. "ಒಂದು ಚಿಲಕ ಹಾಕಿಸಿದ್ರೆ ಮುಗೀತು."

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಸೊಸೆ ನಗಲಿಲ್ಲ. ಹಾಸಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದಡದಡ ಮೆಟ್ಟಿಲು ಹತ್ತಿದಳು.

ಅವಳನ್ನು ಎಲ್ಲರೂ ಕರೆಯುವುದು ಸೀಟಿಯಕ್ಕ ಅಂತ. ಸಾರ್ವಜನಿಕ ಈಜುಕೊಳದಲ್ಲಿ ಅವಳು ಲೈಫ್‌ಗಾರ್ಡ್. ಏಣಿಯಂಥ ಎತ್ತರದ ಕುರ್ಚಿಯಲ್ಲಿ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ನೀರಿನಿಂದ ಕಣ್ಣು ಕೀಳದೆ ಕೂತಿರುವುದು ಅವಳ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದನ್ನು ಅವಳೂ ಅಲ್ಲಗಳೆಯುತ್ತಿರಲಿಲ್ಲ. ನೀರಿನ ಹತ್ತಿರ ನಯವಾಗಿ ಮಾತಾಡುತ್ತ ಕೂತರೆ ಮಕ್ಕಳ ಹೆಣ ಎತ್ತಬೇಕಾಗುತ್ತದೆ ಅನ್ನುವುದು ಅವಳ ಖಡಾಖಂಡಿತ ಅಭಿಪ್ರಾಯವಾಗಿತ್ತು.

ಹೆರಿಗೆಯಾದ ಮೇಲೆ ಆಸ್ಪತ್ರೆಯ ದಾದಿ ಅವಳಿಗೆ ಕಡ್ಡಿ ಮುರಿದಂತೆ ಹೇಳಿದ್ದಳು. ಹಗಲಾಗಲಿ ರಾತ್ರಿಯಾಗಲಿ, ಮಗುವನ್ನು ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಮಟ್ಟಸವಾಗಿ, ತೊಟ್ಟಿಲಿನ ಸರಳುಗಳಿಗೆ ನಾಲ್ಕೂ ಕಡೆ ತಾಗಿಕೊಂಡಿರಬೇಕು. ಮೇಲೆ ಬಿಗಿಯಾಗಿ ಎಳೆದು ಹಾಸಿದ ಒಂದು ಬಟ್ಟೆ. ಮುಗಿಯಿತು. ದಿಂಬು ಬೇಡ, ರಜಾಯಿ ಬೇಡ, ಗೊಂಬೆ ಬೇಡ. ಎಳೆಗೂಸಿನ ಮೂಗಿಗೆ ಮೆತ್ತಗಿನದೇನಾದರೂ ಅಡ್ಡ ಬಂದರೆ ಮುಖ ಬಿಡಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಚಳಿಯಾದರೆ ಇನ್ನೊಂದು ಅಂಗಿ ತೊಡಿಸಿ, ಹೊದಿಕೆ ಹೊದಿಸಬೇಡಿ ಅಂದಿದ್ದಳು. ಉಸಿರು ಕಾಯುವುದೇ ಹೊಟ್ಟೆಪಾಡಾಗಿದ್ದ ಸೀಟಿಯಕ್ಕನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಆದರೆ ಅವಳು ಸೇರಿದ್ದು ಮೆತ್ತಗಿನದರಿಂದಲೇ ಹೊಟ್ಟೆ ಹೊರೆಯುವ ಮನೆ. ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಲಲ್ಲಿ ಹತ್ತಿ ಹಿಂಜುವ ಯಂತ್ರ. ಹತ್ತಿಯ ಎಳೆ ಎಲ್ಲೆಂದರಲ್ಲಿ ಸಿಗುತ್ತಿತ್ತು: ಬಾಚಣಿಗೆಯಲ್ಲಿ, ಕುಡಿಯುವ ನೀರಿನಲ್ಲಿ, ಗಂಡನ ಹುಬ್ಬಿನಲ್ಲಿ. ಮಾವ ಹಾಸಿಗೆ ತುಂಬುತ್ತಿದ್ದರು, ಅತ್ತೆ ಒಳಗೆ ಹುರಿ ಇಟ್ಟು ಅಂಚು ಹೊಲಿಯುತ್ತಿದ್ದರು, ಗಂಡ ಗಾಡಿಯಲ್ಲಿ ಗಿರಾಕಿಗಳ ಮನೆಗೆ ತಲುಪಿಸುತ್ತಿದ್ದ. ಅಂಗಡಿಯ ಮುಂದಿನ ಗಾಜಿನ ಹಿಂದೆ ಜೋಡಿಸಿಟ್ಟ 'ಕಂದನ ಸೆಟ್' ಅವರ ಹೆಮ್ಮೆ. ಮೃದುವಾದ ಮೆತ್ತೆ, ತಲೆದಿಂಬು, ಆಚೀಚೆ ಇಡಲು ಎರಡು ಪುಟ್ಟ ಲೋಡು, ರಜಾಯಿ, ಜೊತೆಗೆ ಸರಳುಗಳಿಗೆ ಒಳಗಿನಿಂದ ಕಟ್ಟುವ ಉದ್ದನೆಯ ಸುತ್ತುದಿಂಬು. ಬಸುರಿಯರು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಮೊಮ್ಮಗಳು ಹುಟ್ಟುವ ಮೊದಲೇ ಮಾವ ಅವಳಿಗೆಂದು ಬೇರೆಯೇ ಒಂದು ಸೆಟ್ ಮಾಡಿಟ್ಟಿದ್ದರು, ಅಂಗಡಿಯದಕ್ಕಿಂತಲೂ ಮೆತ್ತಗೆ. ಆಸ್ಪತ್ರೆಯಿಂದ ಬಂದ ದಿನವೇ ಸೀಟಿಯಕ್ಕ ಅದನ್ನೆಲ್ಲ ಕಳಚಿ, ಗಂಟು ಕಟ್ಟಿ, ಅಟ್ಟಕ್ಕೆ ಎಸೆದಳು. ಮರುದಿನ ಆ ಗಟ್ಟಿ ಹಾಸಿಗೆ ಬಂತು.

ಮಗು ನೋಡಲು ಬಂದವರ ಎದುರು ಅತ್ತೆಗೆ ತಲೆ ಎತ್ತಲಾಗಲಿಲ್ಲ.

"ಏನೇ ಇದು, ಬೋಳು ತೊಟ್ಟಿಲು?" ಅಂದರು ಒಂದು ಸಂಜೆ. "ಊರಿಗೆಲ್ಲ ಹಾಸಿಗೆ ಹೊಲಿದು ಕೊಡೋ ಮನೆ. ನಮ್ಮ ಕೂಸಿಗೆ ತಲೆಗೊಂದು ದಿಂಬಿಲ್ಲ. ಬಂದೋರು ಏನಂದ್ಕೋಬೇಕು?"

"ಮಗು ಉಸಿರಾಡ್ತಿದೆ ಅಂದ್ಕೊಳ್ಲಿ ಅತ್ತೆ."

"ನಿನ್ನ ಗಂಡ ದಿಂಬಿನ ಮೇಲೇ ಮಲಗಿ ಬೆಳೆದಿದ್ದು. ಸತ್ತೋದ್ನಾ?"

"ಈಜು ಬರದೇ ಇರೋರು ನೀರಿಗೆ ಬಿದ್ದೂ ಎಷ್ಟೋ ಜನ ಬದುಕ್ತಾರೆ. ಹಾಗಂತ ನಿಮ್ಮ ಮಗನ್ನ ತಳ್ಳಿಬಿಡ್ಲಾ?"

ಗಂಡ ನಡುವೆ ನಿಂತು ಹಲ್ಲು ಕಿರಿದ. ಅವನದು ಯಾವಾಗಲೂ ಅದೇ ಹಾಡು. ಅಮ್ಮ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಜಗಳ ಅಂದರೆ ಯಾರ ಮನೆಗೋ ತಲುಪಿಸಬೇಕಾದ ಸಾಮಾನು, ತನ್ನದಲ್ಲ ಅನ್ನುವ ಹಾಗೆ ಇದ್ದುಬಿಡುತ್ತಿದ್ದ. ಒಳ್ಳೆಯವನು, ಪಾಪ, ಆದರೆ ಅಂಥ ಒಳ್ಳೆಯತನದಿಂದ ಯಾರಿಗೆ ಏನು ಪ್ರಯೋಜನ?

ರಜೆ ಮುಗಿಯಿತು. ಸೀಟಿಯಕ್ಕ ಕೊಳಕ್ಕೆ ಮರಳಿದಳು, ಮಗು ಅತ್ತೆಯ ಕೈಗೆ ಬಂತು. ಹೊರಡುವಾಗ ಪ್ರತಿದಿನ ಹೇಳಿಯೇ ಹೋಗುತ್ತಿದ್ದಳು, ತೊಟ್ಟಿಲಲ್ಲಿ ಏನೂ ಹಾಕಬೇಡಿ ಅಂತ. ಅತ್ತೆ ಪ್ರತಿದಿನ "ಆಯ್ತಮ್ಮ, ಆಯ್ತು" ಅನ್ನುತ್ತಿದ್ದರು. ಸಂಜೆ ಬಂದು ನೋಡಿದರೆ ತೊಟ್ಟಿಲು ಬೆಳಗ್ಗೆ ಬಿಟ್ಟುಹೋದ ಹಾಗೇ ಇರುತ್ತಿತ್ತು. ಮಗುವಿನ ಕತ್ತಿನ ಮಡಿಕೆಯಲ್ಲಿ ಮಾತ್ರ ಆಗಾಗ ಹತ್ತಿಯ ಎಳೆ ಸಿಗುತ್ತಿತ್ತು. ಕೇಳಿದರೆ, "ಹತ್ತಿ ಮನೇಲಿ ಹತ್ತಿ ಹಾರದೆ ಇನ್ನೇನು ಹಾರುತ್ತೆ?" ಅನ್ನುತ್ತಿದ್ದರು ಅತ್ತೆ. ಅದೂ ನಿಜವೇ. ಬೇರೆ ಮನೆಯಾಗಿದ್ದರೆ ಅನುಮಾನ ಬರುತ್ತಿತ್ತು. ಇಲ್ಲಿ ಅವಳ ಚಹಾದಲ್ಲೂ ಹತ್ತಿ ತೇಲುತ್ತಿತ್ತು.

ಒಂದು ದಿನ ಯಾರೋ ಪುಣ್ಯಾತ್ಮ ಕೊಳದ ಅಂಚಿನಲ್ಲಿ ಗಾಜಿನ ಬಾಟಲಿ ಒಡೆದ. ಚೂರು ನೀರಿಗೂ ಬಿದ್ದಿತ್ತು. ಎಲ್ಲರನ್ನೂ ಮೇಲೆ ಹತ್ತಿಸಿ, ನೀರು ಖಾಲಿ ಮಾಡಲು ಬಿಟ್ಟು, ಕೆಲಸದವರನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು. ಸೀಟಿಯಕ್ಕ ಅಂಗಡಿಗೆ ಕಾಲಿಟ್ಟಾಗ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೊಸೆಯನ್ನು ಕಂಡದ್ದೇ ತಡ, ಯಂತ್ರ ತುಳಿಯುತ್ತಿದ್ದ ಅವರ ಕಾಲು ನಿಂತಿತು.

"ಇಷ್ಟು ಬೇಗ ಯಾಕೆ ಬಂದೆ?"

"ಮಗು ಎಲ್ಲಿ?"

"ಮಲಗಿದೆ. ಒಳ್ಳೆ ನಿದ್ದೆ. ಆಗ್ಲಿಂದ ಸದ್ದೇ ಇಲ್ಲ."

ಸದ್ದೇ ಇಲ್ಲ ಅಂದರೆ ಏನು ಅಂತ ಸೀಟಿಯಕ್ಕನಿಗೆ ಗೊತ್ತಿತ್ತು. ಕೊಳದಲ್ಲಿ ಕೂಗಾಡುವವರ ಬಗ್ಗೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಕೂಗುವವರಿಗೆ ಉಸಿರಿರುತ್ತದೆ. ಮುಳುಗುವವರು ಬಾಯಿ ಬಿಡುವುದಿಲ್ಲ. ಮೆಟ್ಟಿಲನ್ನು ಹೇಗೆ ಹತ್ತಿದಳೋ ಅವಳಿಗೇ ನೆನಪಿಲ್ಲ.

ತೊಟ್ಟಿಲು ತುಂಬಿ ತುಳುಕುತ್ತಿತ್ತು. ಅಟ್ಟದಲ್ಲಿದ್ದ ಗಂಟು ಪೂರ್ತಿ ಕೆಳಗಿಳಿದಿತ್ತು: ಗಟ್ಟಿ ಹಾಸಿಗೆಯ ಮೇಲೆ ಮೆತ್ತೆ, ಮೆತ್ತೆಯ ಮೇಲೆ ದಿಂಬು, ಸರಳುಗಳಿಗೆ ಸುತ್ತುದಿಂಬು, ಆಚೀಚೆ ಲೋಡು. ಮಗು ಮಗ್ಗುಲಾಗಲು ಆಗಷ್ಟೇ ಕಲಿಯುತ್ತಿತ್ತು. ದಿಂಬಿನಿಂದ ಜಾರಿ, ಲೋಡಿಗೂ ಸುತ್ತುದಿಂಬಿಗೂ ನಡುವೆ ಸಿಕ್ಕಿಕೊಂಡು, ಮುಖವನ್ನು ಪೂರ್ತಿ ಆ ಮೆತ್ತಗಿನದರೊಳಗೆ ಹುಗಿದುಕೊಂಡಿತ್ತು. ಅವಳಿಗೆ ಕಂಡದ್ದು ಮಗುವಿನ ಹಿಂದಲೆ ಮಾತ್ರ. ಕೂದಲು ಬೆವರಿನಿಂದ ತೊಯ್ದಿತ್ತು.

ಬಾಚಿ ಎತ್ತಿಕೊಂಡಳು. ಮುಖ ಕಪ್ಪುಗೆಂಪಾಗಿತ್ತು. ಒಂದು ಕ್ಷಣ ಏನೂ ಇಲ್ಲ. ಅಂಗೈಯಿಂದ ಬೆನ್ನು ಉಜ್ಜಿದಳು, "ಏಯ್, ಏಯ್" ಅಂದಳು. ಆಮೇಲೆ ಮಗು ದೀರ್ಘವಾಗಿ ಉಸಿರೆಳೆದುಕೊಂಡು ಬೀದಿಗೆಲ್ಲ ಕೇಳುವಂತೆ ಅಳತೊಡಗಿತು. ಸೀಟಿಯಕ್ಕ ನೆಲದ ಮೇಲೆ ಕುಸಿದು ಕೂತಳು.

ಅತ್ತೆ ಏದುಸಿರು ಬಿಡುತ್ತ ಮೇಲೆ ಬಂದರು. "ಅಯ್ಯೋ, ಎಷ್ಟು ಚೆನ್ನಾಗಿ ಮಲಗಿತ್ತು! ಯಾಕೆ ಎಬ್ಬಿಸ್ದೆ?"

ಸೀಟಿಯಕ್ಕನ ಪಿತ್ತ ನೆತ್ತಿಗೇರಿತು. ಮಗುವಿನ ಮುಖವನ್ನು ಅತ್ತೆಯ ಕಡೆ ತಿರುಗಿಸಿ ಹಿಡಿದಳು.

"ನೋಡಿ! ಹತ್ತಿರ ಬಂದು ನೋಡಿ! ಮಲಗಿರ್ಲಿಲ್ಲ ಅತ್ತೆ, ಸಾಯ್ತಾ ಇತ್ತು. ನೀವು ಕೆಳಗೆ ಕೂತು ಹೊಲೀತಿದ್ರಿ, ಇದು ಇಲ್ಲಿ ಸದ್ದಿಲ್ಲದೆ ಸಾಯ್ತಾ ಇತ್ತು. ಯಾವನೋ ಬಾಟಲಿ ಒಡೆದ ಅಂತ ನಾನು ಬಂದೆ. ಒಡೀದೇ ಇದ್ದಿದ್ರೆ?"

ಮಗುವಿನ ಮೂಗಿನಿಂದ ಕೆನ್ನೆಯವರೆಗೆ ಒಂದು ಗೆರೆ ಒತ್ತಿ ಮೂಡಿತ್ತು. ಸುತ್ತುದಿಂಬಿನ ಅಂಚಿನ ಹುರಿಯ ಗುರುತು. ಅತ್ತೆ ಬೆರಳು ಚಾಚಿ ಅದನ್ನು ಮುಟ್ಟಿದರು. ಆ ಅಂಚನ್ನು ಹೊಲಿದವರು ಅವರೇ. ಟಾಕಿನ ಅಂತರ ಕೂಡ ಮಗುವಿನ ಚರ್ಮದ ಮೇಲೆ ಕಾಣುತ್ತಿತ್ತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಆತು ನಿಂತರು.

ವೈದ್ಯರು ಮಗುವನ್ನು ಪರೀಕ್ಷಿಸಿ, ಏನೂ ತೊಂದರೆಯಿಲ್ಲ ಅಂದರು. ಮನೆಗೆ ಬರುವಾಗ ಗಾಡಿ ಓಡಿಸುತ್ತಿದ್ದ ಗಂಡ ಒಂದು ಮಾತೂ ಆಡಲಿಲ್ಲ. ಅವನು ಬಾಯಿಗೆ ಬೀಗ ಹಾಕಿಕೊಂಡದ್ದರಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು.

"ನಿಂಗೆ ಗೊತ್ತಿತ್ತು," ಅಂದಳು.

"ಹಗಲು ಮಾತ್ರ ಅಂದ್ರು ಅಮ್ಮ. ನೀನು ಬರೋ ಹೊತ್ತಿಗೆ ತೆಗೀತೀನಿ ಅಂದ್ರು. ಸುಮ್ನೆ ಯಾಕೆ ಜಗಳ ಅಂತ..."

"ಹಗಲು ಮೂಗು ಇರಲ್ವಾ ಅದಕ್ಕೆ?"

ಅವನು ಗಾಡಿ ನಿಲ್ಲಿಸಿದ. ಅವಳು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆಯ ಮೇಲೆ ಬಂದ ಕೋಪ ಒಂದು ತೂಕವಾದರೆ ಇವನ ಮೇಲೆ ಬಂದದ್ದೇ ಒಂದು ತೂಕ. ಅತ್ತೆಗೆ ತಾನು ಮಾಡುತ್ತಿರುವುದು ಒಳ್ಳೆಯದು ಅನ್ನುವ ನಂಬಿಕೆಯಾದರೂ ಇತ್ತು. ಇವನಿಗೆ ಇದ್ದದ್ದು ಸೋಮಾರಿತನ. ಮನೆ ಶಾಂತವಾಗಿರಲಿ ಅಂತ ಮಗಳ ಉಸಿರನ್ನು ಪಣಕ್ಕಿಟ್ಟವನನ್ನು ಏನೆಂದು ಕರೆಯಬೇಕೋ ಅವಳಿಗೆ ತೋಚಲಿಲ್ಲ. ಅವನು ಅತ್ತ. ಅಳಲಿ ಅಂತ ಬಿಟ್ಟಳು.

ಅವಳು ಮತ್ತೆ ರಜೆ ಹಾಕಿದಳು. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಬಿಗಿ ಸಡಿಲಿಸಲು ಹೊರಟವರು ಮಾವ. ಒಂದು ಬೆಳಗ್ಗೆ ಹಿತ್ತಲಿನಿಂದ ಧಬಧಬ ಬಡಿಯುವ ಸದ್ದು ಬಂತು. ಮಧ್ಯಾಹ್ನ ಅವರೇ ಒಂದು ಪುಟ್ಟ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಮೇಲೆ ಬಂದರು. ಬೇರೆ ಅಂಗಡಿಯ ಹಾಸಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ತಮ್ಮದನ್ನು ತೊಟ್ಟಿಲಿಗೆ ಹಾಕಿದರು.

"ಗಟ್ಟಿ ಬೇಕು ಅಂದ್ಯಲ್ಲಮ್ಮ? ತಗೋ. ಆಯುಷ್ಯ ಪೂರ್ತಿ ಮೆತ್ತಗಿಂದೇ ಮಾಡ್ದೋನು ನಾನು. ಮೊಮ್ಮಗಳಿಗೋಸ್ಕರ ಗಟ್ಟಿ ಮಾಡಿದೀನಿ. ಒತ್ತಿ ನೋಡು."

ಒತ್ತಿ ನೋಡಿದಳು. ನಿಜಕ್ಕೂ ಗಟ್ಟಿಯಾಗಿತ್ತು. ಅವಳ ಮನಸ್ಸು ಒಂದಿಷ್ಟು ಕರಗಿತು ಕೂಡ. ಆಮೇಲೆ ಹಾಸಿಗೆಗೂ ಸರಳಿಗೂ ನಡುವೆ ಕೈ ಇಳಿಬಿಟ್ಟಳು. ನಾಲ್ಕು ಬೆರಳೂ ಸಲೀಸಾಗಿ ತಳದ ಹಲಗೆಯವರೆಗೆ ಹೋದವು.

"ಇದೇನು ಮಾವ, ಇಷ್ಟು ಸಂದು?"

"ಅದು ಇರಲೇಬೇಕು." ಮಾವ ಮಕ್ಕಳಿಗೆ ಪಾಠ ಹೇಳುವವರಂತೆ ನಕ್ಕರು. "ಹೊಸ ಹತ್ತಿ ಹಾಸಿಗೆ ಮಂಚಕ್ಕಿಂತ ನಾಲ್ಕು ಬೆರಳು ಕಮ್ಮಿನೇ ಇರ್ಬೇಕಮ್ಮ. ಮಲಗ್ತಾ ಮಲಗ್ತಾ ಹತ್ತಿ ಕೂತು, ಹರಡಿ, ಸರಿಯಾಗಿ ತುಂಬ್ಕೊಳ್ಳುತ್ತೆ. ಇದು ನಮ್ಮ ಅಪ್ಪ ಕಲಿಸಿದ್ದು. ಅಳತೆಗೆ ಸರಿಯಾಗಿ ಹೊಲಿದೋನು ಕಸುಬುದಾರನೇ ಅಲ್ಲ."

"ಯಾವಾಗ ಹರಡುತ್ತೆ?"

"ಒಂದು ಆರು ತಿಂಗಳು."

"ಅಲ್ಲೀತನಕ ಮಗೂಗೆ ಉಸಿರಾಡ್ಬೇಡ ಅಂತ ಹೇಳ್ಲಾ?" ಅವಳ ದನಿ ಸೀಟಿಯ ಹಾಗೆ ಏರಿತು. "ಈ ಸಂದಿಗೆ ಜಾರಿದ್ರೆ ಮುಖ ಎಲ್ಲಿ ಹೋಗುತ್ತೆ ಮಾವ? ಎಲ್ಲಿ ಹೋಗುತ್ತೆ ನೀವೇ ಕೈ ಹಾಕಿ ನೋಡಿ!"

ಮಾವ ಕೈ ಹಾಕಲಿಲ್ಲ. ಅವರ ಮುಖ ಕೆಂಪಾಯಿತು. ಅರ್ಧ ಊರು ತಮ್ಮ ಹಾಸಿಗೆಯ ಮೇಲೆ ಮಲಗುತ್ತದೆ, ಯಾರೂ ಸಂದಿಗೆ ಬಿದ್ದು ಸತ್ತಿಲ್ಲ ಅಂದರು. ಅವರೆಲ್ಲ ಬಿದ್ದರೆ ಎದ್ದು ಬೈಯುವಷ್ಟು ದೊಡ್ಡವರು ಅಂದಳು ಅವಳು. ಕೊನೆಗೆ, ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು, ಗಂಡನ ಹಾಸಿಗೆಯನ್ನು ತೊಟ್ಟಿಲಿನಿಂದ ಎತ್ತಿ ಅವರ ಕೈಗೇ ಕೊಟ್ಟು, ಬೇರೆ ಅಂಗಡಿಯದನ್ನು ಮತ್ತೆ ಕೂರಿಸಿದರು. ಅದು ನಾಲ್ಕೂ ಕಡೆ ಸರಳಿಗೆ ತಾಗಿ ಕೂತಿತು. ಮಾವ ಹೊರಟರು. ಮೆಟ್ಟಿಲಿಳಿಯುತ್ತ, "ನಿನ್ನ ಮಗು, ನಿನ್ನಿಷ್ಟ" ಅಂದದ್ದು ಮಾತ್ರ ಕೇಳಿಸಿತು.

ಆಮೇಲೆ ಅತ್ತೆ ಬದಲಾದರು. ಮಗು ಮಲಗಿದಾಗ ಹೊಲಿಗೆಯನ್ನು ಮೇಲಕ್ಕೇ ತಂದು ತೊಟ್ಟಿಲ ಪಕ್ಕ ಕೂರುತ್ತಿದ್ದರು. ಅಂಗಾತ ಮಲಗಿಸಿ, ಹಾಸುಬಟ್ಟೆ ಬಿಗಿ ಎಳೆದು, ಮಾಡಿದ್ದು ಸರಿಯೇ ಎಂದು ಕೇಳುವಂತೆ ಸೊಸೆಯ ಮುಖ ನೋಡುತ್ತಿದ್ದರು. ಕ್ಷಮಿಸು ಅಂತ ಅವರು ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಸೀಟಿಯಕ್ಕ ಕೆಲಸಕ್ಕೆ ಹೋಗತೊಡಗಿದಳು. ಕೋಪ ಮಾತ್ರ ಹೋಗಿರಲಿಲ್ಲ.

ವಾರದ ರಜೆಯ ದಿನ ಅವಳು ಬಟ್ಟೆ ಒಣಹಾಕಿ ಖಾಲಿ ಬಕೆಟ್ ಹಿಡಿದು ಹಿತ್ತಲಿನಿಂದ ಬರುತ್ತಿದ್ದಳು. ಅಂಗಡಿಯಲ್ಲಿ ಅಂಚೆ ಕಚೇರಿಯ ಸಮವಸ್ತ್ರ ತೊಟ್ಟ ತುಂಬುಬಸುರಿಯೊಬ್ಬಳು ಕೂತಿದ್ದಳು. ಮಡಿಲಲ್ಲಿ ಕಂದನ ಸೆಟ್ ಹರಡಿತ್ತು. ಸುತ್ತುದಿಂಬನ್ನು ಕೆನ್ನೆಗೆ ಒತ್ತಿಕೊಂಡಿದ್ದಳು.

"ಯೋಚ್ನೆನೇ ಮಾಡ್ಬೇಡಿ," ಅನ್ನುತ್ತಿದ್ದರು ಮಾವ, ಬೆಣ್ಣೆಯಂಥ ದನಿಯಲ್ಲಿ. "ನಮ್ಮ ಮೊಮ್ಮಗಳು ಮಲಗೋದೂ ಇದರಲ್ಲೇ. ಮೇಲೇ ಇದಾಳೆ ಈಗ. ಮಲಗಿಸಿದ್ರೆ ಸಾಕು, ಗಂಟೆಗಟ್ಟಲೆ ಸದ್ದೇ ಇರಲ್ಲ."

ಸೀಟಿಯಕ್ಕನ ಕೈಯಿಂದ ಬಕೆಟ್ ಬಿತ್ತು. ಇಷ್ಟು ದಿನ ಅವಳು ತನ್ನ ತೊಟ್ಟಿಲೊಂದನ್ನೇ ಕಾದಿದ್ದಳು. ಅಂಗಡಿಯ ಮುಂದಿನ ಗಾಜಿನ ಹಿಂದಿನಿಂದ ಅದೇ ಸುತ್ತುದಿಂಬು, ಅದೇ ಲೋಡು ದಿನಾ ಯಾರ್ಯಾರದೋ ಮನೆಗೆ ಹೋಗುತ್ತಿತ್ತು, ಅವಳ ಗಂಡನೇ ತಲುಪಿಸುತ್ತಿದ್ದ. ಈಗ ಅದರ ಜೊತೆಗೆ ಅವಳ ಮಗಳ ಹೆಸರಿನ ಸುಳ್ಳೂ ಹೋಗುತ್ತಿತ್ತು. ದಿನಕ್ಕೆ ಹತ್ತು ಜನರ ಮುಂದೆ ಆ ಸುಳ್ಳು ಹೇಳುವವರು, ಯಾರೋ ಗಿರಾಕಿ ತೋರಿಸಿ ಅಂದ ದಿನ, ಒಂದೇ ಒಂದು ಗಳಿಗೆಗೆ ಅಂತ ಆ ದಿಂಬನ್ನು ತಂದು ತೊಟ್ಟಿಲಿಗೆ ಕಟ್ಟದೆ ಬಿಡುತ್ತಾರೆಯೇ? ಅವಳಿಗೆ ಮೈಯೆಲ್ಲ ಉರಿಯಿತು.

"ಬನ್ನಿ," ಅಂದಳು ಅಂಚೆಯವಳ ಕೈ ಹಿಡಿದು. "ಮೇಲೆ ಬನ್ನಿ. ಇವರ ಮೊಮ್ಮಗಳು ಮಲಗಿರೋದನ್ನ ನೋಡ್ಕೊಂಡು ಆಮೇಲೆ ಕೊಳ್ಳೋರಂತೆ."

"ಏಯ್, ಮಗು ಎದ್ದುಬಿಡುತ್ತಮ್ಮ, ಈಗ ಬೇಡ..." ಮಾವ ಗಲ್ಲಾದಿಂದ ಎದ್ದರು.

"ಏಳಲಿ ಬಿಡಿ. ಏಳೋ ಮಕ್ಕಳ ಬಗ್ಗೆ ನಂಗೆ ಭಯ ಇಲ್ಲ."

ಬಸುರಿಯನ್ನು ನಿಧಾನವಾಗಿ ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಕೋಣೆಯಲ್ಲಿ ಅತ್ತೆ ತೊಟ್ಟಿಲ ಪಕ್ಕ ಸ್ಟೂಲಿನ ಮೇಲೆ ಕೂತು ಅಂಚು ಹೊಲಿಯುತ್ತಿದ್ದರು. ಮಗು ಅಂಗಾತ ಮಲಗಿತ್ತು, ಎರಡೂ ಕೈ ತಲೆಯ ಆಚೀಚೆ ಚೆಲ್ಲಿಕೊಂಡು. ಅಂಚೆಯವಳು ಬಗ್ಗಿ ನೋಡಿದಳು, ತೊಟ್ಟಿಲಿನ ಮೂಲೆಗಳನ್ನೆಲ್ಲ ಕಣ್ಣಲ್ಲೇ ಹುಡುಕಿದಳು.

"ಇದರಲ್ಲಿ ಏನೂ ಇಲ್ವಲ್ಲ?" ಅಂದಳು. "ಕೆಳಗೆ ಅವರು ಇದೇ ಸೆಟ್ಟಲ್ಲಿ ಮಲಗೋದು ಅಂದ್ರು. ಖಾಲಿ ಇದೆ."

ಸೀಟಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಲೆ ಎತ್ತಿದರು.

"ಖಾಲಿ ಎಲ್ಲಮ್ಮ? ಮಗು ಇದೆಯಲ್ಲ."

ಮಾವ ಅಷ್ಟರಲ್ಲಿ ಮೇಲೆ ಬಂದಿದ್ದರು. ವ್ಯಾಪಾರ ಕೈತಪ್ಪಬಾರದೆಂದು ಇಡೀ ಸೆಟ್ ಅನ್ನು ಎದೆಗವಚಿಕೊಂಡೇ ಬಂದಿದ್ದರು. "ಇದು ನಮ್ಮ ಸೊಸೆ ಹಟ ಅಷ್ಟೆ," ಅಂತ ನಗಲು ಹೋದರು. ಅತ್ತೆ ಹೊಲಿಗೆಯನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಗಂಡನೆದುರು ಚಕಾರ ಎತ್ತದವರು. ಅವರ ದನಿ ಜೋರಾಗಿರಲಿಲ್ಲ, ಆದರೆ ಸೀಟಿಯಕ್ಕನಿಗೇ ಒಮ್ಮೆ ಹೆದರಿಕೆಯಾಯಿತು.

"ನಮ್ಮ ಮೊಮ್ಮಗಳು ಅದರಲ್ಲೇ ಮಲಗೋದು ಅಂದ್ರಂತೆ. ಹಂಗಾದ್ರೆ ಹಾಕ್ರೀ. ತಂದಿದೀರಲ್ಲ, ನಿಮ್ಮ ಕೈಯಾರೆ ಹಾಕಿ. ಸುತ್ತುದಿಂಬು ಕಟ್ಟಿ. ಮುಖದ ಪಕ್ಕಕ್ಕೆ ಲೋಡು ಇಡಿ. ಆಮೇಲೆ ಎಲ್ಲರೂ ಕೆಳಗೆ ಹೋಗೋಣ, ಸದ್ದಿಲ್ಲ ಸದ್ದಿಲ್ಲ ಅಂತ ಖುಷಿ ಪಡೋಣ. ಬನ್ನಿ, ಹಾಕಿ ನೋಡೋಣ."

ಮಾವ ಹೊಸ್ತಿಲು ದಾಟಲಿಲ್ಲ. ಸುತ್ತುದಿಂಬಿನ ಒಂದು ತುದಿ ಅವರ ತೋಳಿನಿಂದ ಜಾರಿ ನೆಲದವರೆಗೆ ಇಳಿಬಿದ್ದಿತ್ತು, ಅದನ್ನು ಎತ್ತಿಕೊಳ್ಳಲೂ ಇಲ್ಲ. ಅಂಚೆಯವಳು ಒಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಳು. ಮಗು ನಿದ್ದೆಯಲ್ಲೇ ಒಮ್ಮೆ ಮುಲುಗಿ, ಮುಖವನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿತು. ಮೂಗಿಗೆ ಅಡ್ಡವಾಗಿ ಏನೂ ಇರಲಿಲ್ಲ.